ಮೊಳಕಾಲ್ಮೂರಿನಲ್ಲಿ ದಾಟಿಹೋದ ರೊಟ್ಟಿ ತಟ್ಟೆ

ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಕೈಯಲ್ಲಿ ಅವ್ವ ಕೊಟ್ಟ ಶೇಂಗಾ ಚಟ್ನಿಪುಡಿಯ ಡಬ್ಬಿ, ಕಿವಿಯಲ್ಲಿ ಅವಳ ಮಾತು: "ಗಿರಿಜನ್ನ ನೆಟ್ಟಗೆ ಇಟ್ಕಂಡವ್ರೋ ಇಲ್ವೋ ನೋಡು. ಇಲ್ಲಾಂದ್ರೆ ಕರ್ಕಂಡೇ ಬಾ."

ಗಿರಿಜ ನನ್ನ ತಂಗಿ. ಮೂರು ವರ್ಷದ ಹಿಂದೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಸಾಮ್ಯುವೆಲನನ್ನು ಮದುವೆಯಾಗಿ, ಅವನ ಕ್ರೈಸ್ತ ಸಭೆಗೆ ಸೇರಿದವಳು. ಅಂದಿನಿಂದ ನಾನು ಅವಳ ಜತೆ ಮಾತು ಬಿಟ್ಟಿದ್ದೆ. ಕರೆತರಲು ಒಂದು ನೆಪ ಸಿಕ್ಕಿದರೆ ಸಾಕಿತ್ತು.

ಟಿಕೆಟ್ ಹದಿನೈದು ರೂಪಾಯಿ. ತಳಕು ದಾಟಿದ ಮೇಲೆ ಬರೀ ಕಲ್ಲುಗುಡ್ಡ, ಧೂಳು. ಹಾನಗಲ್ಲಿನಲ್ಲಿ ಟೀ ಕುಡಿಯುವಾಗ ಪಕ್ಕದ ಕಂಬಳಿ ವ್ಯಾಪಾರಿಯನ್ನು ಕೆದಕಿದೆ.

"ಆ ಸಭೆಯೋರಾ? ಒಬ್ಬನ ಮನಿ ಸೋರಿದ್ರೆ ಎಲ್ಲಾರೂ ಏಣಿ ತಗಂಡು ಹೋಗ್ತಾರ್ರೀ. ಕೂಲಿ ಗೀಲಿ ಏನಿಲ್ಲ" ಅಂದ.

ಕೂಲಿಯಿಲ್ಲದೆ ಕಂಡವರ ಮಾಳಿಗೆ ಹತ್ತುವವರನ್ನು ನಾನಂತೂ ಕಂಡಿಲ್ಲ. ಒಳಗೇನೋ ಮಸಲತ್ತು ಇದ್ದೇ ಇರಬೇಕು ಅಂದುಕೊಂಡೆ.

ಮನೆ ಬಾಗಿಲಲ್ಲಿ ಗಿರಿಜ, "ಬಾ ಅಣ್ಣಾ" ಅಂದಳು. ನಾನು ಮಗ್ಗದ ಕಡೆ ನೋಡುತ್ತ, "ಅವ್ವ ಚಟ್ನಿಪುಡಿ ಕಳಿಸೈತೆ" ಎಂದು ಮಗ್ಗಕ್ಕೇ ಹೇಳಿದೆ. ಅವಳು ನಕ್ಕಳು. ಮೈಕೈ ತುಂಬಿಕೊಂಡಿದ್ದಳು, ಅದೂ ನನಗೆ ಸರಿಬರಲಿಲ್ಲ.

"ಇವತ್ತು ಕರ್ತನ ಭೋಜನ ಐತಿ, ಬರ್ರಿ ಭಾವ" ಎಂದು ಸಾಮ್ಯುವೆಲ್ ಕರೆದ. ತಿಂಗಳಿಗೊಮ್ಮೆ ಒಂದೇ ರೊಟ್ಟಿಯನ್ನು ಮುರಿದು ಎಲ್ಲರೂ ತಿನ್ನುತ್ತಾರಂತೆ. ನೋಡಿಯೇ ಬಿಡೋಣವೆಂದು ಹೋದೆ. ಒಂದು ತಗಡಿನ ಚಾವಣಿಯ ಕೋಣೆ, ಗಂಡಸರಿಗೊಂದು ಚಾಪೆ, ಹೆಂಗಸರಿಗೊಂದು. ಹಾಡಾಯಿತು, ಪ್ರಾರ್ಥನೆಯಾಯಿತು. ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ಬಂತು. ಎಲ್ಲರೂ ಒಂದೊಂದು ಚೂರು ಮುರಿದುಕೊಂಡರು. ಗಿರಿಜಳ ಹತ್ತಿರ ಬಂದಾಗ ಅವಳು ಮುಟ್ಟದೆ ಪಕ್ಕದವಳಿಗೆ ದಾಟಿಸಿದಳು. ಅಲ್ಲಿಯವರು ಯಾರೂ ಹುಬ್ಬೇರಿಸಲಿಲ್ಲ.

ಸಿಕ್ಕಿಬಿದ್ದರಲ್ಲ! ಎಲ್ಲರೂ ಒಂದೇ ಎನ್ನುವ ಬಾಯಿ, ಹೊರಗಿನಿಂದ ಬಂದವಳಿಗೆ ಒಂದು ಚೂರು ರೊಟ್ಟಿ ಇಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ನನ್ನ ತಂಗಿಗೆ ಹೀಗೆ ಮಾಡುತ್ತಾರಲ್ಲ ಎಂದು ಸಿಟ್ಟೂ ಬಂತು. ಇವತ್ತೇ ಇವಳನ್ನು ಕರೆದೊಯ್ಯುತ್ತೇನೆ ಎಂದುಕೊಂಡೆ.

ಆಮೇಲೆ ಎಲ್ಲರಿಗೂ ಅಲ್ಲೇ ಊಟ, ಮುದ್ದೆ ಮತ್ತು ಹುರುಳಿಕಾಳು ಸಾರು. ಬಡಿಸುತ್ತಿದ್ದ ಮರಿಯಮ್ಮ ಎಂಬ ಅಜ್ಜಿಯನ್ನು ತಡೆದು ಕೇಳಿಯೇಬಿಟ್ಟೆ: "ಆ ಗಿರಿಜಗೆ ಯಾಕೆ ರೊಟ್ಟಿ ಕೊಡಲ್ಲ ನೀವು? ಜಾತಿ ನೋಡ್ತೀರಾ?"

"ಅಯ್ಯೋ ನಾಯನಾ, ನಾವೆಲ್ಲಿ ಬ್ಯಾಡಂದ್ವಿ? ಅವಳೇ ತಗಳ್ಳಲ್ಲ" ಎಂದಳು ಅಜ್ಜಿ. "ಒಡಹುಟ್ಟಿದೋರ ಜತೆ ಮುನಿಸಿದ್ರೆ ಮೊದ್ಲು ರಾಜಿ ಆಗ್ಬೇಕು, ಆಮ್ಯಾಲೆ ರೊಟ್ಟಿ. ಹಂಗೈತೆ ನಮ್ಮಲ್ಲಿ. ಅವಳಣ್ಣ ಒಬ್ಬ ಅವ್ನಂತೆ, ಚಳ್ಳಕೆರ್ಯಾಗೆ. ಮಾತೇ ಆಡಲ್ಲಂತೆ. ಕಾಗದ ಬರೆದ್ಲು, ಹೇಳಿ ಕಳಿಸಿದ್ಲು. ಊಹೂಂ. ಬಂದಾಗಿಂದ ಹಿಂಗೇ ದಾಟಿಸ್ತಾಳೆ. ಎಂಥಾ ಕಲ್ಲು ಮನಸ್ನೋನೋ! ನೀವು ಯಾರಪ್ಪಾ, ಸಾಮ್ಯುವೆಲನ ಕಡೇರಾ?"

"ಹ್ಞೂಂ" ಎಂದೆ. ಇದೂ ನಾಟಕವಿರಬಹುದೇ, ಗಿರಿಜಳೇ ಹೇಳಿಕೊಟ್ಟಳೇ ಎಂದು ಅತ್ತ ನೋಡಿದೆ. ಅವಳು ನನ್ನ ಕಡೆ ಕಣ್ಣೆತ್ತದೆ ಎಲ್ಲರ ತಟ್ಟೆ ತೊಳೆಯುತ್ತಿದ್ದಳು.

ಸಂಜೆ ಗಂಡ ಹೆಂಡತಿ ಇಬ್ಬರೂ ಬಸ್ಸಿಗೆ ಬಿಡಲು ಬಂದರು. ನಾನು ಸಾಮ್ಯುವೆಲನ ಜತೆ ಮಳೆ, ಮಗ್ಗ, ರೇಷ್ಮೆಯ ದರ ಎಂದು ಏನೇನೋ ಮಾತಾಡಿದೆ. ಕರೆದೊಯ್ಯುವ ಮಾತು ಬಾಯಿಗೆ ಬರಲೇ ಇಲ್ಲ. ಕಂಡಕ್ಟರ್ ಸೀಟಿ ಊದಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

"ಗಿರಿಜಾ."

ಅವಳು ಬೆಚ್ಚಿ ನೋಡಿದಳು.

"ಬರೋ ತಿಂಗ್ಳು ಆ ರೊಟ್ಟಿ ತಗಳ್ಳೇ."

ಬಸ್ಸು ಹೊರಟಿತು. ತಿರುಗಿ ನೋಡಿದರೆ ಅವಳು ಸೆರಗನ್ನು ಬಾಯಿಗೊತ್ತಿಕೊಂಡು ನಿಂತೇ ಇದ್ದಳು. ತಗೊಳ್ಳುತ್ತಾಳೋ, ಮತ್ತೆ ದಾಟಿಸುತ್ತಾಳೋ, ಯಾರಿಗೆ ಗೊತ್ತು? ಈ ಜನರನ್ನು ನಂಬುವಂತಿಲ್ಲ. ಬರುವ ತಿಂಗಳು ನಾನೇ ಬಂದು ಕಣ್ಣಾರೆ ನೋಡಬೇಕು.