ಮೇಲ್ಮನೆಯ ಡೌನ್‌ಲೋಡ್, ಕೆಳಮನೆಯ ಪಾಠ

“ಏನ್ರೀ, ಮತ್ತೆ ಡೌನ್‌ಲೋಡ್ ಹಾಕಿದೀರಾ? ನನ್ನ ಮಕ್ಕಳೆಲ್ಲಾ ಬಾಯಿ ತೆಕ್ಕೊಂಡು ಹಾಗೇ ನಿಂತ್ಬಿಟ್ಟಿದಾವೆ!”

ಬಾಗಿಲು ತೆರೆದರೆ ಕೆಳಮನೆಯ ಶಾರದಮ್ಮ. ದಿನಾ ಸಂಜೆ ಆನ್‌ಲೈನಿನಲ್ಲಿ ಸಂಗೀತ ಪಾಠ ಹೇಳುವವರು. ಕೈಯಲ್ಲಿದ್ದ ಟ್ಯಾಬಿನ ತುಂಬ, ‘ಸಾ’ ಎನ್ನುವಾಗಲೇ ನಿಂತುಹೋದ ಪುಟ್ಟ ಮುಖಗಳು.

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ನೀರಿನ ಸಂಪು ಒಂದೇ, ವೈಫೈಯೂ ಒಂದೇ. (ಪಾಸ್‌ವರ್ಡು ಓನರ್ ಮನೆಯ ನಾಯಿಯ ಹೆಸರು. ನಾಯಿ ಹೋಗಿ ಬಹಳ ಕಾಲವಾಯಿತು.) ಒಬ್ಬರು ಧಾರಾಳವಾಗಿ ಬಳಸಿದರೆ ಇನ್ನೊಬ್ಬರಿಗೆ ತೊಟ್ಟಿಕ್ಕುತ್ತದೆ.

ನನ್ನದೇನು ಅಂಥಾ ಡೌನ್‌ಲೋಡು ಅಂತೀರಾ? ಫೋನಿನ ಫೋಟೊ, ವಿಡಿಯೊ ಇಡುವ ಆನ್‌ಲೈನ್ ಜಾಗ ಭರ್ತಿಯಾಗಿತ್ತು. ಅದರ ತುಂಬ ಅಮ್ಮ. ಹಪ್ಪಳ ಒಣಗಿಸುವ ಅಮ್ಮ, “ಸಾಕು, ತೆಗೀಬೇಡ ಕಣೇ” ಎಂದು ಸೆರಗು ಅಡ್ಡ ಹಿಡಿಯುವ ಅಮ್ಮ. ಆಕೆ ಹೋದಮೇಲೆ ನನ್ನ ಬಾಗಿಲು ತಟ್ಟುವವರು ಶಾರದಮ್ಮನನ್ನು ಬಿಟ್ಟರೆ ಕೊರಿಯರ್‌ನವರು ಮಾತ್ರ. ಆಫೀಸಿನಿಂದ ಬಂದ ಕೂಡಲೇ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಕೂರುತ್ತಿದ್ದೆ.

ಶಾರದಮ್ಮ ಬಂದು ಬೈಯುತ್ತಿದ್ದರು. ನಾನು ಡೌನ್‌ಲೋಡ್ ನಿಲ್ಲಿಸುತ್ತಿದ್ದೆ. ಪಾಠ ಮುಗಿಸಿ ಮತ್ತೆ ಮೇಲೆ ಬರುತ್ತಿದ್ದರು. “ಬೈದೆ ಅಂತ ಬೇಜಾರಾಯ್ತೇನ್ರೀ?” ಆಮೇಲೆ ಕಾಫಿ. ಅಮ್ಮನ ವಿಡಿಯೊ ನೋಡಿ ಇಬ್ಬರೂ ನಗುತ್ತಿದ್ದೆವು.

ಇದನ್ನು ಆಫೀಸಿನಲ್ಲಿ ಹೇಳಿದ್ದೇ ತಪ್ಪಾಯಿತು.

“ಅಯ್ಯೋ ಮೇಡಂ, ಸ್ಪೀಡ್ ಲಿಮಿಟ್ ಹಾಕಿ. ಎಲ್ಲಾ ಫೈಲೂ ಒಂದೇ ಸಲ ಎಳೀಬೇಡಿ. ಪಾಠದ ಹೊತ್ತಲ್ಲಿ ತಾನಾಗೇ ನಿಲ್ಲೋ ಹಾಗೆ ಟೈಮ್ ಸೆಟ್ ಮಾಡ್ಬಿಡಿ” ಎಂದಳು ಪಕ್ಕದ ಸೀಟಿನ ರೂಪಾ. ಹಾಗೇ ಮಾಡಿದೆ. ಎಷ್ಟು ಸಲೀಸು! ಕೆಳಗಿನಿಂದ ಸರಳೆ ವರಸೆ ತಡೆಯಿಲ್ಲದೆ ಕೇಳಿಬಂತು.

ಬಾಗಿಲು ಮಾತ್ರ ಯಾರೂ ತಟ್ಟಲಿಲ್ಲ. ಮರುದಿನವೂ ಇಲ್ಲ. ಆ ವಾರವಿಡೀ ಇಲ್ಲ. ಇಬ್ಬರಿಗಾಗುವಷ್ಟು ಡಿಕಾಕ್ಷನ್ ಹಾಕಿ ಕಾದದ್ದೇ ಬಂತು.

ನಿನ್ನೆ ಗೇಟಿನ ಹತ್ತಿರ ಸಿಕ್ಕರು. “ನೆಟ್ ಈಗ ಚೆನ್ನಾಗಿದೆ ಕಣ್ರೀ. ಪಾಪ, ನಿಮಗೆ ಸುಮ್ನೆ ತೊಂದ್ರೆ ಕೊಡ್ತಿದ್ದೆ. ಇನ್ಮೇಲೆ ಆ ರಗಳೆ ಇಲ್ಲ.”

ತಲೆಯಾಡಿಸಿದೆ. ‘ಕಾಫಿಗೆ ಬನ್ನಿ’ ಎನ್ನಲು ಬಾಯಿ ಬರಲಿಲ್ಲ. ಕರೆಯದೆಯೇ ಬರುತ್ತಿದ್ದವರನ್ನು ಹೊಸದಾಗಿ ಕರೆಯುವುದು ಹೇಗೆ?

ಮನೆಗೆ ಬಂದು, ಆ ಲಿಮಿಟ್ ತೆಗೆದೇಬಿಡೋಣ ಅಂದುಕೊಂಡೆ. ಮಕ್ಕಳ ಪಾಠ ಕೆಡಿಸಲು ಮನಸ್ಸಾಗಲಿಲ್ಲ. ನಾನೇ ಕೆಳಗಿಳಿದು ಹೋಗಬಹುದು, ಸರಿ. ಹೋಗಿ ಏನೆನ್ನಲಿ? ನೆಟ್ ಚೆನ್ನಾಗಿದೆ ಅಂತ ದೂರು ಕೊಡಲೇ?