ಒಂದಾಳು ನೀರು

ಕೊಡಿಗೇನಹಳ್ಳಿಯ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಸರ್ವಮಂಗಳಾಗೆ ಕೂತಲ್ಲೇ ಕನಸು ಕಾಣುವ ಚಾಳಿ. ಹಿಂದೂಪುರದ ಬಸ್ಸು ಬಂದು, ಹಾರನ್ ಹೊಡೆದು, ಹೊರಟೂ ಹೋಗಿರುತ್ತದೆ. ಅವಳ ಕಣ್ಣು ಮಾತ್ರ ಕಂಪ್ಯೂಟರಿನ ಪರದೆಯಿಂದ ಕದಲಿರುವುದಿಲ್ಲ. ಗಿರಾಕಿಗಳು ಕೆಮ್ಮಿ ಎಚ್ಚರಿಸಬೇಕು. ಹಾಗಂತ ಮೈಗಳ್ಳಿ ಏನಲ್ಲ. ಸುತ್ತಲಿನ ಸಂಘ, ಶಾಲೆಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡುವವಳು ಅವಳೇ.

ಅವಳಿರುವುದು ಅಲ್ಲಿಂದ ಸ್ವಲ್ಪವೇ ದೂರದ ಹಳ್ಳಿಯಲ್ಲಿ, ತಾಯಿ ಬಸವಮ್ಮನ ಜೊತೆ. ಆ ಊರಿನ ಕೆರೆಯ ತೂಬಿನ ಬಳಿ ಕೆರೆ ಸಂಘದವರು ನೀರಿನ ಮಟ್ಟ ಅಳೆಯುವ ಯಂತ್ರ ಕೂರಿಸಿದರು. ಅದರ ಲೆಕ್ಕ ಅವಳು ಮಾಡಿದ ಪುಟಕ್ಕೆ ಬಂದು, ನೀಲಿ ಗೆರೆಯಾಗಿ ಮೂಡುತ್ತಿತ್ತು. ಮಳೆ ಬಂದರೆ ಗೆರೆ ಮೇಲಕ್ಕೆ, ಬಿಸಿಲಾದರೆ ಕೆಳಕ್ಕೆ. ಎಡಗಡೆ ಮೇಲಿಂದ ಕೆಳಗಿನವರೆಗೆ ಮೀಟರ್ ಅಂಕಿಗಳು. ಅವಳಿಗಂತೂ ಆ ಗೆರೆ ನೋಡುತ್ತಿದ್ದರೆ ಕಾಲು ತಣ್ಣಗಾದಂತೆ ಅನಿಸುತ್ತಿತ್ತು. ಊರಿನವರಿಗೆ ಏನೂ ಅನಿಸಲಿಲ್ಲ.

ಪಾವಗಡದ ಕಡೆಯಿಂದ ಸೊಸೆಯಾಗಿ ಬಂದಿದ್ದ ಪಕ್ಕದ ಮನೆಯ ಹನುಮಕ್ಕ ಫೋನ್ ಹಿಡಿದುಕೊಂಡು ಬಂದೇಬಿಟ್ಟಳು.

“ಏಮಮ್ಮಾ, ಕೆರೆಗೂ ಮೀಟ್ರು ಹಾಕ್ಬುಟ್ರಾ? ಇನ್ಮೇಲೆ ನೀರಿಗೂ ಬಿಲ್ಲು ಬತ್ತದಾ?”

“ಕರೆಂಟ್ ಮೀಟ್ರಲ್ಲ ಹನುಮಕ್ಕ, ಅದು ಅಳತೆ!”

“ಅಳತೆ ಅಂದ್ರೆ ಎಷ್ಟಾಳು ಅಂತ ಬರಿಯಮ್ಮ. ಇದ್ಯಾರಿಗೆ ಅರ್ಥ ಆಯ್ತದೆ?”

ಆ ಊರಿನಲ್ಲಿ ಕೆರೆಯ ನೀರನ್ನು ಆಳಿನ ಲೆಕ್ಕದಲ್ಲೇ ಹೇಳುವುದು. ನಿಂತ ಮನುಷ್ಯನ ತಲೆ ಮುಳುಗಿದರೆ ಒಂದಾಳು ನೀರು. ಸಂಘದ ಮಲ್ಲೇಶ್‌ಗೂ ಮಾತು ಹಿಡಿಸಿತು. “ಎಡಗಡೆ ಮೀಟ್ರು ಇರ್ಲಿ, ಬಲಗಡೆ ಆಳು ಹಾಕ್ಬುಡಮ್ಮ. ಗೆರೆ ಒಂದೇ, ಓದ್ಕೊಳ್ಳೋರು ಯಾವ ಕಡೆಯಿಂದಾದ್ರೂ ಓದ್ಕೊಳ್ಳಿ. ಒಂದಾಳು ಅಂದ್ರೆ ಆರಡಿ ಅಂತ ಹಾಕು, ಯಾರು ಕೇಳ್ತಾರೆ?”

ಸರ್ವಮಂಗಳಾ ಕೀಬೋರ್ಡಿನಿಂದ ಕೈ ತೆಗೆದಳು. ಯಾಕೆಂದರೆ ಆ ಊರಿನ ಆಳು ಯಾರೋ ಒಬ್ಬ ಮನುಷ್ಯನಲ್ಲ, ಅವಳ ಅಪ್ಪ ನಂದೀಶ್ವರಯ್ಯ. ಮಳೆ ನಿಂತ ಬೆಳಗ್ಗೆ ತೂಬಿನ ಪಕ್ಕ ಇಳಿದು, ನೆಲಕ್ಕೆ ಕಾಲೂರಿ ನಿಲ್ಲುತ್ತಿದ್ದವನು ಅವನೇ. ಏರಿಯ ಮೇಲೆ ಊರಿಗೆ ಊರೇ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಅವನ ತಲೆ ಕಾಣದಾದರೆ ಎಲ್ಲರೂ ಹೋ ಎಂದು ಕೂಗುವರು. ಪುಟ್ಟ ಸರ್ವಮಂಗಳಾ ಒಬ್ಬಳೇ ಅಳುವಳು. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಯಾರೂ ಹಾಗೆ ಇಳಿಯಲಿಲ್ಲ. ಊರಿನ ಬಾಯಲ್ಲಿ ಆಳು ಎನ್ನುವ ಮಾತು ಉಳಿದಿತ್ತು, ಅಷ್ಟೆ. ಈಗ ಸುಳ್ಳು ಅಳತೆ ಹಾಕಿದರೆ ಆ ಮಾತಿನೊಳಗಿಂದಲೂ ಅಪ್ಪನನ್ನು ಹೊರಗೆ ಕಳಿಸಿದಂತೆ. ಅವಳಿಗೆ ಅದು ಬೇಡವಾಗಿತ್ತು.

ಆದರೆ ಅವನ ಎತ್ತರ ಎಷ್ಟು? ಇದ್ದ ಒಂದೇ ಫೋಟೋದಲ್ಲಿ ಅಪ್ಪ ಕೂತಿದ್ದ. ಹನುಮಕ್ಕನನ್ನು ಕೇಳಿದರೆ, “ಬಾಗ್ಲಲ್ಲಿ ಬಗ್ಗದೆ ಬಂದಿದ್ದೇ ಇಲ್ಲ, ಅಂಥ ಆಳು” ಎಂದಳು. ಅಪ್ಪನ ಗೆಳೆಯ ಚಿಕ್ಕರಂಗಯ್ಯ ನಕ್ಕುಬಿಟ್ಟ. “ಅಷ್ಟೇನಿಲ್ಲ ಕಣಮ್ಮ, ಹೆಚ್ಚುಕಮ್ಮಿ ನನ್ನಂಗೇ ಇದ್ದ.” ಚಿಕ್ಕರಂಗಯ್ಯನೋ ಗಿಡ್ಡ. ಅವಳ ನೆನಪಿನ ಅಪ್ಪನ ತಲೆಯಂತೂ ಎಷ್ಟು ಕತ್ತೆತ್ತಿದರೂ ಕಾಣುತ್ತಿರಲಿಲ್ಲ, ಅಷ್ಟು ಎತ್ತರ. ಅವನ ಹೆಗಲ ಮೇಲೆ ಕೂತರೆ ಮಧುಗಿರಿ ಬೆಟ್ಟ ಕೆಳಗಿದ್ದಂತೆ ಕಾಣುತ್ತಿತ್ತು. ಪರದೆಯ ಬಲಗಡೆ ಖಾಲಿಯಾಗಿಯೇ ಉಳಿಯಿತು. ಅವಳು ಅದನ್ನೇ ನೋಡುತ್ತ, ಅಪ್ಪ ನೀರಿನಿಂದ ಮೇಲೆದ್ದು ಬರುವುದನ್ನು ಕಾಣುತ್ತ ಕೂರುತ್ತಿದ್ದಳು.

ಒಂದು ಬೆಳಗ್ಗೆ ತಡೆಯಲಾರದೆ ತಾಯಿಯ ಮುಂದೆ ಎಲ್ಲವನ್ನೂ ಹೇಳಿಕೊಂಡಳು.

ಬಸವಮ್ಮ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು, ಬೆರಳಿಗೆ ಬಳಿದುಕೊಂಡು, ಬಾಗಿಲಿಗೆ ನಡೆದಳು. ಹೊಸಿಲ ಮೇಲೆ ನಿಲ್ಲಬಾರದೆಂದು ಮಗಳನ್ನು ಹುಟ್ಟಿದಾರಭ್ಯ ಗದರಿಸಿದ್ದ ಬಸವಮ್ಮ ತಾನೇ ಹೊಸಿಲು ಹತ್ತಿ ನಿಂತಳು.

“ಅಮ್ಮಾ!”

“ಸುಮ್ಕಿರು. ನಿಮ್ಮಪ್ಪ ಕೆರೆಗಿಳಿಯಾಕೆ ಹೊಂಟಾಗ್ಲೆಲ್ಲ ಹಣೆಗೆ ಇಬೂತಿ ನಾನೇ ಇಡ್ತಿದ್ದೆ. ಅವ್ರು ಅಂಗಳದಾಗೆ ನಿಲ್ಲೋರು. ನೆಲದ ಮ್ಯಾಲೆ ನಿಂತ್ರೆ ನಂಗೆ ಸರಿಯಾಗಿ ಎಟುಕ್ತಿರ್ಲಿಲ್ಲ ಕಣೇ. ನಿಮ್ಮಜ್ಜಿ ನೋಡ್ದೆ ಇದ್ದಾಗ ಇಲ್ಲಿ ಹತ್ತಿ ಇಡ್ತಿದ್ದೆ.”

ಕಣ್ಣು ಮುಚ್ಚಿ ಕೈ ಮುಂದೆ ಚಾಚಿದಳು. ಮೂರು ಬೆರಳು ಗಾಳಿಯಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದುಕೊಂಡು ಹೋಗಿ ನಿಂತವು. ಆ ಕೈ ತಡಕಾಡಲಿಲ್ಲ. ಸರ್ವಮಂಗಳಾ ಓಡಿಹೋಗಿ ಟೇಪು ತಂದು ಅಂಗಳದ ನೆಲದಿಂದ ಆ ಬೆರಳಿನವರೆಗೆ ಹಿಡಿದಳು. ಹಣೆಯ ಮೇಲಿನ ತಲೆಗೆಂದು ಸ್ವಲ್ಪ ಸೇರಿಸಿದಳು. ಆರಡಿಗೆ ಮೂರು ಬೆರಳು ಕಮ್ಮಿ. ಅಪ್ಪ ಅವಳ ನೆನಪಿನಷ್ಟು ಎತ್ತರವಿರಲಿಲ್ಲ. ಅವಳಿಗೆ ಚೂರು ಬೇಜಾರಾಯಿತು, ಆಮೇಲೆ ವಿಪರೀತ ಪ್ರೀತಿ ಉಕ್ಕಿತು.

ಅಂಗಡಿಯಲ್ಲಿ ಕೂತು ಬಲಗಡೆ ಒಂದಾಳು, ಎರಡಾಳು ಎಂದು ಬರೆದಳು. ಎಡದ ಸೊನ್ನೆಗೂ ಬಲದ ಸೊನ್ನೆಗೂ ಕೆರೆಯ ನೆಲ ಒಂದೇ ಇರುವಂತೆ ನೋಡಿಕೊಂಡಳು. ಹೊರಗೆ ಹಿಂದೂಪುರದ ಬಸ್ಸು ಬಂದು ಹೋಯಿತು.

ಸಂಜೆ ಮನೆಗೆ ಬಂದು ಫೋನಿನಲ್ಲಿ ತಾಯಿಗೆ ತೋರಿಸಿದಳು. ಬಸವಮ್ಮನಿಗೆ ಕಣ್ಣು ಮಂಜು, ಗೆರೆ ಸರಿಯಾಗಿ ಕಾಣಲಿಲ್ಲ.

“ಈಗ ಎಷ್ಟದೆ ನೀರು?”

“ಒಂದಾಳಿಗಿಂತ ಕಮ್ಮಿ ಅಮ್ಮ. ಅಪ್ಪನ ಎದೆ ಮಟ್ಟ.”

ಬಸವಮ್ಮ ಸೆರಗಿಗೆ ಕೈ ಒರೆಸಿಕೊಂಡು ಕೆರೆಯ ಕಡೆ ನೋಡಿದಳು.

“ಅಂಗಾದ್ರೆ ನಡ್ಕೊಂಡೇ ಬತ್ತಾರೆ ಬುಡು” ಎಂದಳು.