ನಾಗವ್ವನ ಪರದೆಯ ಮೇಲೆ ರಸಾಯನಶಾಸ್ತ್ರ

ಬೆಳಗಿನ ಆರೂಕಾಲು. ಪುಣೆಯ ಕಾತ್ರಜದ ಹೆದ್ದಾರಿಯಲ್ಲಿ ಸಾತಾರಾ ಕಡೆಯ ಬಸ್ಸುಗಳು ಹಾರ್ನ್ ಹೊಡೆಯುತ್ತಿವೆ. ಅಲ್ಲಿಂದ ಎರಡು ಗಲ್ಲಿ ಒಳಗಿರುವ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನಾಗವ್ವ ನೆಲದ ಮೇಲೆ ಹಳೆಯ ಬಿಳಿ ಬೆಡ್‌ಶೀಟ್ ಹಾಸಿ, ಮೊಣಕಾಲೂರಿ ಕೂತಿದ್ದಾರೆ. ಬಟ್ಟೆಯ ಮೇಲೆ ಕಪ್ಪು ಮಸಿಯಲ್ಲಿ ಬರೆದ ಗುಲ್‌ಮೊಹರ್ ಮರ. ಅದರ ಕೊಂಬೆಗಳ ತುದಿಗೆ ಅವರು ಬಳಿಯುತ್ತಿರುವುದು ಅಂಗಡಿಯ ಬಣ್ಣವಲ್ಲ, ಅಡುಗೆಮನೆಯ ಅರಿಶಿಣ. ಏಳಕ್ಕೆ ಶಾಲೆಯ ಗಂಟೆ. ಅಷ್ಟರೊಳಗೆ ಬಟ್ಟೆ ಒಣಗಬೇಕು, ನಲವತ್ತೆಂಟು ಟೆಸ್ಟ್‌ಟ್ಯೂಬುಗಳನ್ನು ತೊಳೆದು ಸ್ಟ್ಯಾಂಡಿಗೆ ಇಡಬೇಕು.

ಐವತ್ತೆರಡು ವರ್ಷದ ನಾಗವ್ವ ಇಲ್ಲಿ ಪ್ರಯೋಗಾಲಯದ ಸಹಾಯಕಿ. ಗಾಜು ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು, ಮೇಜು ಒರೆಸುವುದು ಅವರ ಕೆಲಸ. ಮಕ್ಕಳಿಗೆ ಅವರು ‘ಮಾವಶಿ’, ಅಂದರೆ ಚಿಕ್ಕಮ್ಮ. ಹಾಜರಿ ಪುಸ್ತಕದಲ್ಲಿ ಶಿಕ್ಷಕರ ಪಟ್ಟಿ ಮುಗಿದ ಮೇಲೆ ಅವರ ಹೆಸರು ಬರುತ್ತದೆ. ಆದರೆ ಏಳು ವರ್ಷಗಳಲ್ಲಿ ಹತ್ತೊಂಬತ್ತು ನಾಟಕ ಕಟ್ಟಿ, ರಸಾಯನಶಾಸ್ತ್ರ ಎಂದರೆ ಹೊಟ್ಟೆನೋವಿನ ನೆಪ ಹೇಳುತ್ತಿದ್ದ ಹುಡುಗ ಹುಡುಗಿಯರನ್ನು ಅದೇ ವಿಷಯದ ಮುಂದೆ ಕೂರಿಸಿದವರು ಇವರೇ.

“ನಮ್ಮಪ್ಪ ನಾಟಕ ಕಂಪನ್ಯಾಗ ಪರದೆ ಬರೀತಿದ್ದರ್ರೀ. ನಾ ಬಣ್ಣ ಕಲಸಾಕಿ,” ಎನ್ನುತ್ತಾರೆ ನಾಗವ್ವ. ಗದಗದ ಕಡೆಯ ಅಪ್ಪ ಸಿದ್ದಾರೂಢರ ಜೊತೆ ಕಂಪನಿ ಹೋದಲ್ಲೆಲ್ಲ ಹೋದ ಹುಡುಗಿಗೆ ಏಳನೆಯ ತರಗತಿಗೇ ಶಾಲೆ ತಪ್ಪಿತು. ಮದುವೆಯಾಗಿ ಪುಣೆಗೆ ಬಂದರು. ರಾಂಜಣಗಾಂವದ ಕಾರ್ಖಾನೆಗೆ ಹೋಗುತ್ತಿದ್ದ ಗಂಡ ನಿಜಲಿಂಗಪ್ಪ ಬೆನ್ನುನೋವಿನಿಂದ ಮನೆ ಹಿಡಿದಾಗ ಈ ಕೆಲಸಕ್ಕೆ ಸೇರಿದರು. ಮೊದಲ ವರ್ಷ ಆಸಿಡ್ ಬಾಟಲಿಯನ್ನು ಬಟ್ಟೆ ಸುತ್ತಿಯೇ ಎತ್ತುತ್ತಿದ್ದರು. ಚೀಟಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಚಿತ್ರ ನೋಡಿದಂತೆ ನೋಡಿ ನೆನಪಿಟ್ಟುಕೊಂಡರು.

ನಾಟಕ ಶುರುವಾದದ್ದು ಒಂದು ಕಲೆಯಿಂದ. “ಸೀರಿ ಮ್ಯಾಲ ಅರಿಶಿಣ ಬಿದ್ದಿತ್ರಿ. ಸಾಬೂನು ಹಚ್ಚಿದೆ, ಕೆಂಪಾತು. ಅದು ಎಲ್ಲಾ ಹೆಣ್ಮಕ್ಕಳಿಗೂ ಗೊತ್ತದ. ಆದ್ರ ಯಾಕ ಕೆಂಪಾಗ್ತದ ಅಂತ ಯಾರೂ ಹೇಳಿದ್ದಿಲ್ಲ. ಮೇಡಂ ಪಾಠ ಮಾಡೂವಾಗ ಬಾಗಲಾ ಹಿಡಕೊಂಡು ನಿಂತು ಕೇಳಿದೆ.” ಸಾಬೂನಿನಲ್ಲಿ ಕ್ಷಾರವಿದೆ, ಕ್ಷಾರ ತಾಗಿದರೆ ಅರಿಶಿಣ ಕೆಂಪಾಗುತ್ತದೆ, ಲಿಂಬೆಯ ಆಮ್ಲ ಬಿದ್ದರೆ ಮತ್ತೆ ಹಳದಿ. ಅಪ್ಪನ ಪರದೆಗಳು ಅವರ ಕಣ್ಣಮುಂದೆ ಬಂದವು. ಮರುವಾರವೇ ಮಕ್ಕಳ ಎದುರು ಮರ ಬರೆದು ಅರಿಶಿಣ ಬಳಿದ ಒಂದು ಬಟ್ಟೆ ಕಟ್ಟಿ, ಬಟ್ಟೆ ಒಗೆಯುವ ಸೋಡಾ ಕರಗಿಸಿದ ಕ್ಷಾರದ ನೀರು ಸಿಂಪಡಿಸಿದರು. ಮರ ಕೆಂಪಗೆ ಹೂಬಿಟ್ಟಿತು. ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದರು.

ರಸಾಯನಶಾಸ್ತ್ರದ ಶಿಕ್ಷಕಿ ಸುರಭಿ ದೇಶಪಾಂಡೆ ಆಗ ಸಿಟ್ಟಾಗಿದ್ದರು. ಅದನ್ನು ಅವರೇ ಒಪ್ಪಿಕೊಳ್ಳುತ್ತಾರೆ. “ನನ್ನ ತರಗತಿಯಲ್ಲಿ ಇವರದೇನು ಅಂತ ಅನಿಸಿತ್ತು,” ಎಂದು ಮರಾಠಿಯಲ್ಲಿ ಹೇಳಿ ನಗುತ್ತಾರೆ. “ಆ ವಾರದ ಪರೀಕ್ಷೆಯಲ್ಲಿ ಆಮ್ಲ-ಕ್ಷಾರದ ಪ್ರಶ್ನೆಯನ್ನು ಒಬ್ಬರೂ ತಪ್ಪು ಮಾಡಲಿಲ್ಲ. ಆಮೇಲೆ ನಾನೇ ಹೋಗಿ ಮುಂದಿನ ನಾಟಕ ಯಾವುದು ಅಂತ ಕೇಳಿದೆ.” ಅಂದಿನಿಂದ ಕಥೆ ನಾಗವ್ವನದು, ತಪ್ಪು ನೋಡುವುದು ಸುರಭಿಯವರದು.

ಎಲ್ಲರೂ ಹೀಗೆ ಒಲಿಯಲಿಲ್ಲ. ಎರಡು ವರ್ಷದ ಹಿಂದೆ, ಹತ್ತನೆಯ ತರಗತಿಯವರ ಹೊತ್ತು ಹಾಳಾಗುತ್ತಿದೆ ಎಂದು ಕೆಲವು ಪಾಲಕರು ದೂರು ಕೊಟ್ಟರು. ಮುಖ್ಯೋಪಾಧ್ಯಾಯರು ಖಡಾಖಂಡಿತವಾಗಿ ಹೇಳಿದರು: ಭೋರ್‌ನಲ್ಲಿ ನಡೆಯುವ ವಿಜ್ಞಾನ ನಾಟಕ ಸ್ಪರ್ಧೆಗೆ ಹೋಗಿಬನ್ನಿ, ಆದರೆ ವಾರ್ಷಿಕ ಪರೀಕ್ಷೆಯಲ್ಲಿ ನಾಟಕದ ಹನ್ನೊಂದು ಮಕ್ಕಳಲ್ಲಿ ಒಬ್ಬರು ವಿಜ್ಞಾನದಲ್ಲಿ ನಪಾಸಾದರೂ ಮುಂದೆ ಪರದೆ ಕಟ್ಟುವಂತಿಲ್ಲ. ಆ ಹನ್ನೊಂದರಲ್ಲಿ ಶಿವಾನಿ ಇದ್ದಳು. ಮನೆಯಲ್ಲಿ ಕನ್ನಡ, ಮರಾಠಿ ಶಾಲೆಯಲ್ಲಿ ಮೌನ. ಸತತ ಮೂರು ಪರೀಕ್ಷೆಗಳಲ್ಲಿ ವಿಜ್ಞಾನದಲ್ಲಿ ನಪಾಸಾದವಳು. ಪ್ರಾಯೋಗಿಕ ತರಗತಿ ತಪ್ಪಿಸಿ ನಾಗವ್ವನ ಜೊತೆ ಗಾಜು ತೊಳೆಯುತ್ತ ನಿಲ್ಲುತ್ತಿದ್ದಳು. ಅವಳನ್ನು ಬಿಟ್ಟುಬಿಡಿ ಎಂದು ಹಲವರು ಹೇಳಿದರು. ನಾಗವ್ವ ಅವಳಿಗೇ ಕ್ಷಾರದ ಪಾತ್ರ ಕೊಟ್ಟರು.

ಎಸ್‌ಟಿ ಎಂಬ ಸರ್ಕಾರಿ ಬಸ್ಸಿನಲ್ಲಿ ಭೋರ್ ಪಟ್ಟಣ ತಲುಪಿ ಚೀಲ ಬಿಚ್ಚಿದಾಗ ಸೋಡಾ ನೀರಿನ ಬಾಟಲಿ ಖಾಲಿ. ಮುಚ್ಚಳ ಸಡಿಲಾಗಿ ಘಾಟಿನ ತಿರುವುಗಳಲ್ಲೇ ಸೋರಿಹೋಗಿತ್ತು. ರಂಗಕ್ಕೇರಲು ಇಪ್ಪತ್ತು ನಿಮಿಷ. “ಹುಡುಗೂರು ಅಳಾಕ ಶುರು ಮಾಡಿದ್ರು,” ಎಂದು ನಾಗವ್ವ ನೆನೆಯುತ್ತಾರೆ. ಆಗ ಶಿವಾನಿ ಕೇಳಿದಳು, “ಮಾವಶಿ, ಎಲಿ ಅಡಕಿಗೆ ಹಚ್ಚೂ ಸುಣ್ಣನೂ ಕ್ಷಾರ ಅಲ್ಲೇನು?” ಉತ್ತರಕ್ಕೆ ಕಾಯದೆ ಎದುರಿನ ಪಾನ್ ಅಂಗಡಿಗೆ ಓಡಿದಳು. ಸುಣ್ಣವನ್ನು ನೀರಿಗೆ ಕದಡಿ, ಕೆಳಗಿಳಿಯಲು ಬಿಟ್ಟು, ಸಿಂಪಡಿಸುವ ಪಂಪಿನ ಬಾಯಿ ಕಟ್ಟಬಾರದೆಂದು ಮೇಲಿನ ತಿಳಿಯನ್ನು ತನ್ನ ದುಪಟ್ಟಾದಲ್ಲಿ ಸೋಸಿದಳು. ಪುಸ್ತಕದಲ್ಲಿ ಹೀಗೆ ಬರೆದಿರಲಿಲ್ಲ. ಯಾರೂ ಹೇಳಿಕೊಟ್ಟಿರಲೂ ಇಲ್ಲ.

ಪರದೆ ಎದ್ದಿತು. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡ ಶಿವಾನಿ ತಡವರಿಸದೆ ಮಾತಾಡಿದಳು, ಸಿಂಪಡಿಸಿದಳು. ಕೊಂಬೆ ಕೊಂಬೆಯೂ ಕೆಂಪಾಗುತ್ತ ಹೋದಂತೆ ಸಭಾಂಗಣದ ಮಕ್ಕಳು ನಿಂತು ಚಪ್ಪಾಳೆ ಹೊಡೆದರು. ಇಪ್ಪತ್ತೆರಡು ಶಾಲೆಗಳ ನಡುವೆ ಮೊದಲ ಬಹುಮಾನ ಬಂತು. ವಾರ್ಷಿಕ ಪರೀಕ್ಷೆಯಲ್ಲಿ ಹನ್ನೊಂದು ಮಂದಿಯೂ ಪಾಸಾದರು. ವಿಜ್ಞಾನದಲ್ಲಿ ಶಿವಾನಿಗೆ ಎಪ್ಪತ್ತೊಂದು. ಮುಖ್ಯೋಪಾಧ್ಯಾಯರು ಫಲಿತಾಂಶದ ಹಾಳೆ ಹಿಡಿದು ತಾವೇ ಪ್ರಯೋಗಾಲಯಕ್ಕೆ ಬಂದರು. ಈಗ ಗುರುವಾರದ ಕೊನೆಯ ಅವಧಿ ವೇಳಾಪಟ್ಟಿಯಲ್ಲೇ ನಾಟಕಕ್ಕೆಂದು ಬರೆದಿದೆ. ದೂರು ಕೊಟ್ಟ ಪಾಲಕರೊಬ್ಬರು ಹೋದ ವರ್ಷ ರಂಗಕ್ಕೆ ದೀಪ ಹಾಕಿಕೊಟ್ಟರು.

ಏಳು ಗಂಟೆಗೆ ಮಕ್ಕಳು ಬರುತ್ತಾರೆ. ಇವತ್ತು ಶನಿವಾರ, ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದುತ್ತಿರುವ ಶಿವಾನಿಯೂ ಬಂದಿದ್ದಾಳೆ. ತರಗತಿಗಳು ಮುಗಿದ ಮೇಲೆ ಹೊಸ ನಾಟಕದ ಓದು ನಡೆಯುತ್ತದೆ. ಕ್ಲೋರಿನ್ ಬಂದು ಸೋಡಿಯಂ ಅನ್ನು ನುಂಗುತ್ತದೆ ಎಂಬ ಸಾಲಿಗೆ ಶಿವಾನಿ ಕೈ ಎತ್ತುತ್ತಾಳೆ. “ನುಂಗಂಗಿಲ್ಲ ಮಾವಶಿ. ಒಂದು ಎಲೆಕ್ಟ್ರಾನ್ ಅಷ್ಟ ತಗೋತದ. ಆಮ್ಯಾಲ ಇಬ್ಬರೂ ಕೂಡೇ ಇರ್ತಾರ.”

ನಾಗವ್ವ ಪೆನ್ಸಿಲಿನಿಂದ ಆ ಸಾಲು ಹೊಡೆದುಹಾಕುತ್ತಾರೆ. ನಿಮಗೆ ಇನ್ನೇನು ಬೇಕು ಎಂದು ನಾನು ಕೇಳುತ್ತೇನೆ. ಅವರು ಶಿವಾನಿಯತ್ತ ನೋಡಿ, ದನಿ ಇಳಿಸಿ ಹೇಳುತ್ತಾರೆ:

“ನಾ ತಪ್ಪು ಹೇಳಿದ್ರ ಹಿಡಿಯಾಕಿ ಒಬ್ಬಾಕಿ ತಯಾರಾಗ್ಯಾಳಲ್ರೀ. ಇನ್ನೊಂದು ಹತ್ತು ಮಂದಿ ಹಂಗ ಆಗಲಿ.”